ಊಟದ ಲೆಕ್ಕದಲ್ಲಿ ಬಿಟ್ಟುಹೋಗುವ ಸಾಲು

ರಜೆಯಲ್ಲಿ ಲಾಸ್ ವೇಗಸ್‌ನಿಂದ ಯೂಟಾದ ಜಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಕಾರಿನಲ್ಲಿ ಹೊರಡುವ ಅಮೆರಿಕದ ಕನ್ನಡ ಕುಟುಂಬಗಳು ಊಟದ ಖರ್ಚನ್ನು ಮುಂಚೆಯೇ ಲೆಕ್ಕಹಾಕಿರುತ್ತವೆ. ಡಿಕ್ಕಿಯಲ್ಲಿ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಹೋಟೆಲಿನ ಊಟ ದಿನಕ್ಕೊಂದೇ ಹೊತ್ತು. ಈ ಜಾಣತನವನ್ನು ಹಳಿಯಬೇಕಿಲ್ಲ. ಆ ಹೆದ್ದಾರಿಯಲ್ಲಿ ಮೊಸರನ್ನಕ್ಕೆ ಸಾಟಿಯಾದುದು ಸಿಗುವುದೂ ಇಲ್ಲ. ಆದರೆ ಲೆಕ್ಕ ಮೀರಿದಾಗ ಮೊದಲು ಕತ್ತರಿ ಬೀಳುವುದು ಟಿಪ್ಸಿಗೆ. ಸಂಬಳ ಕೊಡಬೇಕಾದವನು ಮಾಲೀಕ, ಗಿರಾಕಿಯಲ್ಲ ಎಂಬ ಸಮರ್ಥನೆ ಪ್ರಗತಿಪರರ ಬಾಯಲ್ಲೂ ಕೇಳಿಬರುತ್ತದೆ.

ತತ್ತ್ವವಾಗಿ ಅದು ಸರಿಯೇ. ಆದರೆ ಕಾನೂನು ಹಾಗಿಲ್ಲ. ನೆವಾಡದಲ್ಲಿ ಮಾಲೀಕನು ಟಿಪ್ಸನ್ನು ಕನಿಷ್ಠ ವೇತನದಲ್ಲಿ ವಜಾ ಹಾಕಿಕೊಳ್ಳುವಂತಿಲ್ಲ. ಯೂಟಾದಲ್ಲಿ ಬಡಿಸುವವಳಿಗೆ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಕದಲದ ಫೆಡರಲ್ ದರವದು. ಉಳಿದುದನ್ನು ಟಿಪ್ಸ್ ತುಂಬಬೇಕು. ಎಲ್ಲವೂ ಸೇರಿ 7.25 ಡಾಲರ್ ಮುಟ್ಟದಿದ್ದರೆ ಮಾತ್ರ ಮಾಲೀಕನು ಕೊರತೆ ಭರಿಸಬೇಕು. ಹೀಗಿರುವಾಗ ಟಿಪ್ಸ್ ತಡೆಹಿಡಿಯುವ ಪ್ರತಿಭಟನೆ ಮಾಲೀಕನನ್ನು ತಾಗುವುದು ಅಪರೂಪ. ಅದು ಕಡಿಮೆಯಾಗುವುದು ಬಡಿಸಿದವಳ ಆ ರಾತ್ರಿಯ ಸಂಪಾದನೆಯಲ್ಲಿ. ಕಾನೂನಿನ ಮೇಲೆ ಸಿಟ್ಟಿದ್ದರೆ ಸಂಸದರಿಗೆ ಪತ್ರ ಬರೆಯಬಹುದು. ಮತದಾನದ ಹಕ್ಕಿಲ್ಲದ ವೀಸಾದವರಿಗೂ ಅದಕ್ಕೆ ಅಡ್ಡಿಯಿಲ್ಲ.

ಆದ್ದರಿಂದ ಮನೆಯಲ್ಲಿ ಪಟ್ಟಿ ಬರೆಯುವಾಗಲೇ 80 ಡಾಲರಿನ ಊಟವನ್ನು 96 ಎಂದು ಬರೆದುಕೊಳ್ಳುವುದು ನ್ಯಾಯ. ಅಷ್ಟು ಭರಿಸಲಾಗದ ಹೊತ್ತಿಗೆ ಡಿಕ್ಕಿಯಲ್ಲಿ ಕುಕ್ಕರ್ ಇದ್ದೇ ಇದೆ.