ಜರ್ಕಿನ್ ಒಂದು, ಕಾಲ ಮೂರು

ಮೋಟಾರ್ ಸೈಕಲ್ ಸವಾರರು ಅಂಗಿಯ ಮೇಲೆ ಹಾಕಿಕೊಳ್ಳುವ ದಪ್ಪ ಉಡುಪಿಗೆ ಕನ್ನಡನಾಡಿನಲ್ಲಿ ಬಹುಕಾಲದಿಂದ ಇರುವ ಹೆಸರು ಜರ್ಕಿನ್. ಹಿಂದೆ ಅದು ರೆಕ್ಸಿನ್ನಿನದೋ ತೆಳು ನೈಲಾನಿನದೋ ಆಗಿರುತ್ತಿತ್ತು. ಬೆಳಗಿನ ಪಾಳಿಗೆ ಹೊರಡುವ ಕಾರ್ಖಾನೆ ನೌಕರನಿಗೂ, ಊರಿಂದೂರಿಗೆ ಅಲೆಯುವ ಔಷಧ ಕಂಪನಿಯ ಪ್ರತಿನಿಧಿಗೂ ಅಷ್ಟೇ ಸಾಕಾಗಿತ್ತು. ಅದೂ ಇಲ್ಲದವರು ದಿನಪತ್ರಿಕೆಯ ನಾಲ್ಕು ಹಾಳೆ ಮಡಿಚಿ ಅಂಗಿಯೊಳಗೆ ಎದೆಗೆ ಒತ್ತಿಟ್ಟುಕೊಂಡು ಗಾಡಿ ಬಿಡುತ್ತಿದ್ದರು. ಪತ್ರಿಕೆಗೆ ಇಂಥದೊಂದು ಉಪಯೋಗವಿದೆ ಎಂಬುದು ಸಂಪಾದಕರಿಗೆ ಗೊತ್ತಿತ್ತೋ ಇಲ್ಲವೋ. ಗಾಳಿ ತಡೆದರೆ ಚಳಿ ಅರ್ಧ ಕಡಿಮೆ ಎಂಬುದು ಮಾತ್ರ ಸವಾರರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಜರ್ಕಿನ್ ಹೋಗಿ ಟೂರಿಂಗ್ ಜಾಕೆಟ್ ಬಂದಿದೆ. ಭುಜಕ್ಕೆ, ಮೊಣಕೈಗೆ ಗಟ್ಟಿ ಪಟ್ಟಿ. ಎದೆಗೆರಡು, ಬೆನ್ನಿಗೆರಡು ಜಿಪ್ಪು. ಒಳಗೆ ಮಳೆಗೊಂದು, ಚಳಿಗೊಂದು ಪದರ. ಬೆಲೆ ಐದಾರು ಸಾವಿರ ರೂಪಾಯಿಯಿಂದ ಶುರುವಾಗಿ ಹತ್ತು, ಹದಿನೈದು, ಇಪ್ಪತ್ತು ಸಾವಿರ ಎಂದು ಏರುತ್ತ ಹೋಗುತ್ತದೆ. ಅಂಗಡಿಯಾತ ಅದನ್ನು ಹ್ಯಾಂಗರಿನಿಂದ ಇಳಿಸಿ, “ಸಾರ್, ಇದು ಆಲ್ ಸೀಸನ್. ಮಳೆ, ಚಳಿ, ಬಿಸಿಲು ಎಲ್ಲಕ್ಕೂ ಇದೊಂದೇ ಸಾಕು” ಎನ್ನುತ್ತಾನೆ. ಮೂರು ತಿಂಗಳು ಹಣ ಕೂಡಿಟ್ಟು ಬಂದವನಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಮಾತು ಪೂರಾ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ.

ಮೇ ತಿಂಗಳ ಕೊನೆಗೆ ಬಳ್ಳಾರಿಯಿಂದ ಮಲ್ಪೆಗೆ ಹೊರಟ ಸವಾರನೊಬ್ಬನನ್ನು ಊಹಿಸಿಕೊಳ್ಳಬಹುದು. ಒಂದೇ ದಿನದ ದಾರಿ. ಬಳ್ಳಾರಿ, ಚಿತ್ರದುರ್ಗದ ಬಯಲಿನಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಶಿವಮೊಗ್ಗ ದಾಟಿ ತೀರ್ಥಹಳ್ಳಿ ಸೇರುವ ಹೊತ್ತಿಗೆ ಮೋಡ. ಆಗುಂಬೆಯಲ್ಲಿ ಮುಂಗಾರಿನ ಮೊದಲ ಮಳೆ ಹಿಡಿದರೆ ಹಿಡಿಯಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಅದು. ಒದ್ದೆ ಮೈಗೆ ಗಾಳಿ ತಾಗಿ ಹಲ್ಲು ಕಟಕಟ ಎನ್ನುವ ಹೊತ್ತಿಗೆ ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ಬರುತ್ತದೆ, ಅಲ್ಲಿಂದ ಮುಂದೆ ಕರಾವಳಿಯ ಜಿಗುಟು ಸೆಕೆ. ಮೂರೂ ಕಾಲ ಒಂದೇ ಹಗಲಿನಲ್ಲಿ ಮುಗಿಯಿತು. ಯುರೋಪಿನವರು ‘ಎಲ್ಲ ಕಾಲಕ್ಕೂ’ ಎಂದು ಹೊಲಿಯುವಾಗ ಅವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಮಳೆ ಮತ್ತು ಚಳಿ, ಬಳ್ಳಾರಿಯಲ್ಲ.

ಬಿಸಿಲಿನ ಸೀಮೆಯ ಸವಾರ ಆದಕಾರಣ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಚಳಿಯಾದರೆ ಒಳಗೊಂದು ಸ್ವೆಟರ್ ಸೇರಿಸಬಹುದು. ಮಳೆ ಬಂದರೆ ಮೇಲೊಂದು ರೇನ್‌ಕೋಟ್ ಸೇರಿಸಬಹುದು. ಸೆಕೆಯಾದರೆ ಮಾತ್ರ ಕಳೆಯಲು ಏನೂ ಉಳಿದಿರುವುದಿಲ್ಲ, ಜಾಕೆಟ್ಟನ್ನೇ ಬಿಚ್ಚಿ ಹಿಂದಿನ ಸೀಟಿಗೆ ಕಟ್ಟಬೇಕು. ಸೀಟಿಗೆ ಕಟ್ಟಿದ ಜಾಕೆಟ್ ಬಿದ್ದಾಗ ಸೀಟನ್ನು ಕಾಪಾಡೀತು. ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ‘ಇದು ಮಳೆ ತಡೆಯುತ್ತದೆಯೆ’ ಎಂಬುದಲ್ಲ, ‘ಏಪ್ರಿಲ್ ಮಧ್ಯಾಹ್ನ ಇದನ್ನು ಮೈಮೇಲೆ ಇಟ್ಟುಕೊಂಡಿರಲು ಆಗುತ್ತದೆಯೆ’ ಎಂಬುದು.

ಅದು ಮೈಮೇಲೆಯೇ ಇರಬೇಕೆಂಬ ಹಟ ಏಕೆ? ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು ನಲವತ್ತನಾಲ್ಕು ಮಂದಿ ದ್ವಿಚಕ್ರ ವಾಹನದವರು. ತಲೆ ಉಳಿಸುವುದು ಹೆಲ್ಮೆಟ್. ಅದಕ್ಕೆ ಕಾನೂನಿದೆ, ದಂಡವಿದೆ. ಜಾಕೆಟ್ ತೊಟ್ಟೇ ತೀರಬೇಕೆಂಬ ಕಾನೂನಿಲ್ಲ. ಜಾಕೆಟ್ಟಿನಿಂದ ಎಲ್ಲ ಸಾವೂ ತಪ್ಪುತ್ತದೆ ಎಂದು ಯಾರೂ ಹೇಳಲಾರರು. ಅದು ತಪ್ಪಿಸುವುದು ಲೆಕ್ಕಕ್ಕೆ ಬಾರದ ನೋವನ್ನು: ಟಾರಿನ ಮೇಲೆ ಹತ್ತು ಮಾರು ಜಾರಿದಾಗ ಕಿತ್ತುಹೋಗುವ ತೋಳಿನ ಚರ್ಮ, ಒಡೆಯುವ ಮೊಣಕೈ, ಕೆಲಸಕ್ಕೆ ಹೋಗಲಾಗದೆ ಮಂಚದ ಮೇಲೆ ಕಳೆಯುವ ತಿಂಗಳುಗಳು.

ಆದ್ದರಿಂದ ಬಟ್ಟೆಗಿಂತ ಮೊದಲು ನೋಡಬೇಕಾದದ್ದು ಒಳಗಿನ ಚೀಟಿ. ಯುರೋಪಿನಲ್ಲಿ 2020ರಲ್ಲಿ ಬಂದ ಇಎನ್ 17092 ಎಂಬ ಮಾನಕ ಸವಾರರ ಉಡುಪನ್ನು ಎಎಎ, ಎಎ, ಎ ಎಂದು ವಿಂಗಡಿಸುತ್ತದೆ. ಬಿ, ಸಿ ಎಂಬ ಇನ್ನೆರಡು ವರ್ಗಗಳೂ ಇವೆ; ಬಿ ವರ್ಗದಲ್ಲಿ ಏಟು ತಡೆಯುವ ಪಟ್ಟಿ ಇರುವುದಿಲ್ಲ, ಸಿ ವರ್ಗದ್ದು ಪಟ್ಟಿಗಳನ್ನು ಹಿಡಿದಿಡುವ ಬಲೆಯಂಥ ಒಳಉಡುಪು ಮಾತ್ರ. ಪರೀಕ್ಷೆಗೆ ಬಟ್ಟೆಯ ತುಂಡನ್ನು ವೇಗವಾಗಿ ಸುತ್ತಿಸಿ ಕಾಂಕ್ರೀಟ್ ಮೇಲೆ ಬಿಡುತ್ತಾರೆ. ಭುಜ, ಮೊಣಕೈ ಭಾಗದ ಬಟ್ಟೆಗೆ ಎ ವರ್ಗದಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್, ಎಎ ವರ್ಗದಲ್ಲಿ 70, ಎಎಎ ವರ್ಗದಲ್ಲಿ 120 ಕಿಲೋಮೀಟರಿಗೆ ಸಮನಾದ ವೇಗ. ತೂತು ಬಿದ್ದರೆ ನಪಾಸು. ಎಎಎ ಸಾಮಾನ್ಯವಾಗಿ ದಪ್ಪ ಚರ್ಮದ ಸೂಟುಗಳ ಮನೆ. ಅದನ್ನು ತೊಟ್ಟು ಬಳ್ಳಾರಿಯಲ್ಲಿ ಗಾಡಿ ಬಿಡುವುದು ತಪಸ್ಸಿಗೆ ಸಮ. ದೂರದ ಸವಾರಿಗೆ, ಈ ದೇಶದ ಸೆಕೆಗೆ, ಎಎ ಸಿಕ್ಕರೆ ಸಂತೋಷ; ಎ ಆದರೂ ಚಿಂತೆಯಿಲ್ಲ. ಚೀಟಿಯೇ ಇಲ್ಲದ್ದನ್ನು ಮಾತ್ರ ಹ್ಯಾಂಗರಿಗೆ ಹಿಂದಿರುಗಿಸುವುದು ಒಳ್ಳೆಯದು.

ಅಂಗಡಿಗಳಲ್ಲಿ ಚೀಟಿಯ ಬದಲು ‘600 ಡೆನಿಯರ್’ ಎಂಬ ಮಂತ್ರ ಕೇಳಿಬರುವುದುಂಟು. ಡೆನಿಯರ್ ಎಂದರೆ ಒಂಬತ್ತು ಸಾವಿರ ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ, ಅಷ್ಟೇ. ನೂಲು ದಪ್ಪವೆಂದು ತಿಳಿಯುತ್ತದೆ; ಗಟ್ಟಿಯೆಂದೇನೂ ತಿಳಿಯುವುದಿಲ್ಲ. ಒಳ್ಳೆಯ ನೈಲಾನಿನ 500, ಸಾಧಾರಣ ಪಾಲಿಯೆಸ್ಟರಿನ 600ಕ್ಕಿಂತ ಹೆಚ್ಚು ಬಾಳೀತು. ಹೊಲಿಗೆ ಬಿಟ್ಟರೆ ಎರಡೂ ವ್ಯರ್ಥ.

ಇನ್ನು ಭುಜ, ಮೊಣಕೈಗಳ ಪಟ್ಟಿ. ಅದನ್ನು ಹೊರಗೆಳೆದು ನೋಡಲು ಸಂಕೋಚ ಬೇಡ. ಇಎನ್ 1621 ಎಂಬ ಗುರುತು, ಪಕ್ಕದಲ್ಲಿ 1 ಅಥವಾ 2 ಎಂಬ ಅಂಕಿ ಇರಬೇಕು. ಒಂದೇ ಏಟನ್ನು ಕೊಟ್ಟಾಗ ಪಟ್ಟಿಯನ್ನು ದಾಟಿ ಒಳಗೆ ಬರುವ ಬಲ ಒಂದನೆಯ ಮಟ್ಟದಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಎರಡನೆಯದರಲ್ಲಿ 20. ವ್ಯತ್ಯಾಸ ಚಿಕ್ಕದಲ್ಲ. ಮೆದುವಾಗಿದ್ದು ಏಟು ಬಿದ್ದೊಡನೆ ಬಿಗಿಯಾಗುವ ಪಟ್ಟಿಗಳು ಈಗ ಹೆಚ್ಚು ಬಳಕೆಯಲ್ಲಿವೆ. ಇಂಥವುಗಳಲ್ಲಿ ಕೆಲವು ಶಾಖಕ್ಕೆ ಇನ್ನಷ್ಟು ಮೆತ್ತಗಾಗುತ್ತವೆ. ನಲವತ್ತು ಡಿಗ್ರಿಯಲ್ಲೂ ಪರೀಕ್ಷೆ ಪಾಸಾಗಿದ್ದರೆ ಪಟ್ಟಿಯ ಮೇಲೆ ‘ಟಿ ಪ್ಲಸ್’ ಗುರುತಿರುತ್ತದೆ. ಕಲಬುರಗಿ, ರಾಯಚೂರು ಕಡೆಯವರು ಹುಡುಕಬೇಕಾದ ಗುರುತು ಇದು. ಬೆನ್ನಿನ ಕಡೆ ಒಂದು ಮೋಸವಿದೆ: ಅನೇಕ ಜಾಕೆಟ್ಟುಗಳಲ್ಲಿ ಅಲ್ಲಿರುವುದು ಹಾಸಿಗೆಯ ಫೋಮಿನಂಥ ತುಂಡು, ಆಕಾರ ನಿಲ್ಲಲಿ ಎಂದು ಇಟ್ಟದ್ದು. ಬೆನ್ನಿನ ನಿಜವಾದ ಪಟ್ಟಿಯನ್ನು ಬೇರೆ ಕೊಳ್ಳಬೇಕಾಗಬಹುದು. ಆ ಹಣವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಬಿಸಿಲಿಗೆ ಜಾಲರಿ ಬಟ್ಟೆ. ಮೈತುಂಬ ಜಾಲರಿ ಇದ್ದರೆ ಗಾಳಿ ಸೊಗಸು, ಗಟ್ಟಿತನ ಕಡಿಮೆ. ನೆಲಕ್ಕೆ ಮೊದಲು ತಾಗುವ ಭುಜ, ಮೊಣಕೈ, ಮುಂಗೈಗೆ ಗಟ್ಟಿ ಬಟ್ಟೆ ಹಾಕಿ, ಎದೆ ಬೆನ್ನಿಗೆ ಮಾತ್ರ ಜಾಲರಿ ಬಿಟ್ಟವರು ಬುದ್ಧಿವಂತರು. ಎದೆಯಿಂದ ಹೊಕ್ಕ ಗಾಳಿಗೆ ಬೆನ್ನಿನಿಂದ ಹೊರಹೋಗಲು ದಾರಿಯಿರಬೇಕು, ಇಲ್ಲದಿದ್ದರೆ ಸವಾರ ಬಲೂನಾಗುತ್ತಾನೆ. ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ತಂಪು ಬರುವುದು ಬೆವರು ಆರುವುದರಿಂದ ಮಾತ್ರ. ನೀರು ಕುಡಿಯದವನಿಗೆ ಎಂಥ ಜಾಲರಿಯೂ ನೆರವಾಗದು. ದಾರಿಯ ಹೋಟೆಲಿನ ನಲ್ಲಿಯಲ್ಲಿ ಬನಿಯನ್ ನೆನೆಸಿಕೊಂಡು ತೊಟ್ಟರೆ ಅರ್ಧ ಗಂಟೆ ಸ್ವರ್ಗ.

ಮಳೆಯ ವಿಷಯದಲ್ಲಿ ಮಲೆನಾಡಿನ ಹಳಬರಿಗೆ ಜಾಕೆಟ್ ಕಂಪನಿಗಳಿಗಿಂತ ಹೆಚ್ಚು ಗೊತ್ತಿತ್ತು. ಗದ್ದೆ ನಾಟಿಯಲ್ಲಿ ಬಾಗಿದ ಬೆನ್ನಿನ ಮೇಲೆ ಗೊರಬು. ಹೊರಗೆ ಮಳೆ ಜಾರಿ ಹೋಗುತ್ತದೆ, ಕೆಳಗೆ ತೆರೆದಿರುವುದರಿಂದ ಒಳಗೆ ಗಾಳಿಯಾಡುತ್ತದೆ. ನೀರನ್ನು ತಡೆಯಬೇಕಾದದ್ದು ಎಲ್ಲಕ್ಕಿಂತ ಹೊರಗೆ ಎಂಬುದು ಗೊರಬಿನ ಪಾಠ. ‘ಆಲ್ ಸೀಸನ್’ ಜಾಕೆಟ್ಟುಗಳಲ್ಲಿ ಬಹುಪಾಲು ಇದಕ್ಕೆ ಉಲ್ಟಾ: ಮಳೆ ಪದರ ಒಳಗಿರುತ್ತದೆ. ಮೈ ಒದ್ದೆಯಾಗದಿರಬಹುದು, ಹೊರಗಿನ ದಪ್ಪ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಗಾಳಿಗೆ ಆರುತ್ತ ಮೈಯ ಶಾಖ ಹೀರುತ್ತದೆ, ಜೇಬಿನ ಕಾಗದ ಪತ್ರ ನೆನೆಯುತ್ತದೆ. ಅದಲ್ಲದೆ ಮಳೆ ಶುರುವಾದಾಗ ರಸ್ತೆ ಬದಿ ಜಾಕೆಟ್ ಬಿಚ್ಚಿ, ಒಳಪದರ ಜೋಡಿಸಿ, ಮತ್ತೆ ತೊಡುವಷ್ಟರಲ್ಲಿ ತೊಯ್ದು ತೊಪ್ಪೆ. ಮೇಲೆ ಹಾಕುವ ಸಡಿಲ ರೇನ್‌ಕೋಟ್ ಆದರೆ ಎರಡು ನಿಮಿಷ. ಚಳಿಗೂ ಅದೇ ಆದೀತು, ಏಕೆಂದರೆ ಗಾಳಿಯನ್ನೂ ತಡೆಯುತ್ತದೆ.

ಉಸಿರಾಡುವ ಬಟ್ಟೆಯ ಮಾತೂ ಇದೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾಯಿಸಿದ ಟೆಫ್ಲಾನ್ ಕಡ್ಡಿಯನ್ನು ಒಮ್ಮೆಲೇ ಜಗ್ಗಿದಾಗ ಅದು ಹಿಗ್ಗಿ, ಸೂಕ್ಷ್ಮ ರಂಧ್ರಗಳ ವಸ್ತುವಾಯಿತು. ನೀರಿನ ಹನಿ ಒಳಬಾರದ, ಬೆವರಿನ ಆವಿ ಹೊರಹೋಗುವ ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ಹೊರಬಟ್ಟೆಗೇ ಇಂಥ ಪೊರೆ ಅಂಟಿಸಿದ ಜಾಕೆಟ್ ಮಳೆಗೆ ಉತ್ತಮ, ಬೆಲೆಯೂ ಉತ್ತಮ. ಆದರೆ ಆವಿ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಜುಲೈ ತಿಂಗಳ ಉಡುಪಿಯಲ್ಲಿ ಅಂಥ ಗಾಳಿ ಎಲ್ಲಿಂದ ತರುವುದು? 1936ರಲ್ಲಿ ಇಂಗ್ಲೆಂಡಿನ ಬಾರ್ಬರ್ ಕಂಪನಿ ಮೋಟಾರ್ ಸೈಕಲ್ ಸ್ಪರ್ಧಿಗಳಿಗೆಂದು ಮೇಣದ ಹತ್ತಿ ಬಟ್ಟೆಯಲ್ಲಿ ಮಾಡಿದ ಜಾಕೆಟ್ ಇಂದಿಗೂ ಮಾರಾಟವಾಗುತ್ತಿದೆ. ನೋಡಲು ಬಲು ಚೆಂದ. ಇಂಗ್ಲೆಂಡಿನ ಜಿನುಗು ಮಳೆಗೆ ಹೇಳಿ ಮಾಡಿಸಿದ್ದು.

ತೊಟ್ಟು ನೋಡುವಾಗ ಕನ್ನಡಿಯ ಮುಂದೆ ನಿಂತರೆ ಸಾಲದು. ಗಾಡಿಯ ಮೇಲೆ ಕೂತು ಹ್ಯಾಂಡಲ್ ಹಿಡಿದು ನೋಡಬೇಕು. ತೋಳು ಮಣಿಕಟ್ಟಿನಿಂದ ಮೇಲೆ ಸರಿಯಬಾರದು, ಬೆನ್ನು ಸೊಂಟದಿಂದ ಎದ್ದು ನಿಲ್ಲಬಾರದು. ಮೊಣಕೈ ಪಟ್ಟಿಯನ್ನು ಇನ್ನೊಂದು ಕೈಯಿಂದ ತಿರುಚಿದರೆ ಪಕ್ಕಕ್ಕೆ ಜಾರುವಂತಿದ್ದರೆ, ಬಿದ್ದ ದಿನ ಅದು ಮೊಣಕೈಯನ್ನು ಬಿಟ್ಟು ಬೇರೆಲ್ಲೋ ಇರುತ್ತದೆ. ಮಕ್ಕಳ ಶಾಲೆಯ ಅಂಗಿಯಂತೆ ‘ಸ್ವಲ್ಪ ದೊಡ್ಡದೇ ಇರಲಿ’ ಎಂಬ ಲೆಕ್ಕ ಇಲ್ಲಿ ನಡೆಯದು. ಬಣ್ಣ ಕಪ್ಪೇ ಏಕೆ ಎಂದರೆ ಕೊಳೆ ಕಾಣುವುದಿಲ್ಲ ಎನ್ನುತ್ತಾರೆ. ರಾತ್ರಿ ಲಾರಿಯವನಿಗೆ ಕೊಳೆಯ ಜತೆ ಸವಾರನೂ ಕಾಣುವುದಿಲ್ಲ. ಬಿಸಿಲಿಗೂ ತಿಳಿ ಬೂದು ಬಣ್ಣವೇ ಮೇಲು.

ಒಂದು ದೃಶ್ಯ ಹೆದ್ದಾರಿಯಲ್ಲಿ ದಿನವೂ ಕಾಣುತ್ತದೆ. ಮುಂದೆ ಕೂತ ಗಂಡನಿಗೆ ಹದಿನೈದು ಸಾವಿರದ ಜಾಕೆಟ್; ಹಿಂದೆ ಹೆಂಡತಿಗೆ ಹತ್ತಿ ಚೂಡಿದಾರ್, ಮೇಲೊಂದು ದುಪಟ್ಟ. ಗಾಡಿ ಬಿದ್ದರೆ ಇಬ್ಬರೂ ಬೀಳುವುದು ಒಂದೇ ರಸ್ತೆಗೆ. ಹೆಂಗಸರ ಅಳತೆಗೆ ಹೊಲಿದ ಜಾಕೆಟ್ಟುಗಳೂ ಈಗ ಸಿಗುತ್ತವೆ. ಹದಿನೈದು ಸಾವಿರದ ಒಂದರ ಬದಲು ಏಳೆಂಟು ಸಾವಿರದ ಎರಡು ಕೊಳ್ಳುವುದು ಲೆಕ್ಕದಲ್ಲೂ ಸರಿ, ಮನೆಯಲ್ಲೂ ಸರಿ.

ಕೊಂಡ ಮೇಲೆ ಆರೈಕೆ ಬಹಳವಿಲ್ಲ. ಪಟ್ಟಿಗಳನ್ನು ತೆಗೆದು, ಸೌಮ್ಯ ಸೋಪಿನಲ್ಲಿ ಕೈಯಲ್ಲೇ ಒಗೆದು, ನೆರಳಿನಲ್ಲಿ ಒಣಗಿಸಿದರೆ ಸಾಕು. ಮಳೆಗಾಲದಲ್ಲಿ ಒದ್ದೆಯದನ್ನು ಬೀರುವಿನಲ್ಲಿಟ್ಟರೆ ವಾರದೊಳಗೆ ಬೂಷ್ಟು. ಒಮ್ಮೆ ಜೋರಾಗಿ ಏಟು ತಿಂದ ಪಟ್ಟಿಯನ್ನು ನೋಡಲು ಚೆನ್ನಾಗಿದೆಯೆಂದು ಮತ್ತೆ ಇಟ್ಟುಕೊಳ್ಳಬಾರದು. ಪಟ್ಟಿ ಮಾತ್ರ ಬೇರೆ ಸಿಗುತ್ತದೆ, ಬದಲಿಸಬಹುದು. ಯಾರೋ ಬಳಸಿದ ಜಾಕೆಟ್ಟನ್ನು ಅರ್ಧ ಬೆಲೆಗೆ ಕೊಳ್ಳುವವರು ಮೊದಲು ಅದರ ಮೊಣಕೈ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಲಿ.