ಗೃಹಾರೋಗ್ಯ: ಕುಸಿದ ಒಸಡಿಗೆ ಹೊಸ ಆಸರೆ

ಹಲ್ಲು ಅಲುಗಿದರೆ ಹಲ್ಲನ್ನೇ ದೂರುವುದು ನಮ್ಮಲ್ಲಿ ವಾಡಿಕೆ. ಆದರೆ ಮರವು ಒರಗಿದಾಗ ಬೇರಿನ ಬಳಿಯ ಮಣ್ಣನ್ನು ಮೊದಲು ನೋಡುವವನೇ ತಿಳಿದ ಒಕ್ಕಲಿಗನು. ಹಲ್ಲಿಗೆ ಒಸಡೂ ಅದರೊಳಗಿನ ಎಲುಬೂ ಮಣ್ಣಿನ ಹಾಗೆ. ಇವು ಕುಸಿದ ಮೇಲೆ ಎಂತಹ ಗಟ್ಟಿ ಹಲ್ಲೂ ನಿಲ್ಲಲಾರದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಲ್ಲಿ, ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜವೆಂದು ಸುಮ್ಮನಿರುವ ಹಿರಿಯರು ಅನೇಕರು. ಅದು ಬಹುಮಟ್ಟಿಗೆ ವಯಸ್ಸಿನ ಧರ್ಮವಲ್ಲ, ರೋಗದ ಫಲ. ಹಾಗೆ ಕುಸಿದ ಒಸಡನ್ನು ಕೆಲಮಟ್ಟಿಗೆ ಮರಳಿ ಕಟ್ಟುವ ಶಸ್ತ್ರಕ್ರಿಯೆಯೂ ಈಗ ಉಂಟು. ಅದರಲ್ಲಿ ಉಪಯೋಗಿಸುವ ಕೊಲಾಜನ್ ಎಂಬ ವಸ್ತುವಿನ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಕೊಲಾಜನ್ ಎಂಬುದು ಹೊರಗಿನಿಂದ ಬಂದ ಅಪೂರ್ವ ಪದಾರ್ಥವೇನೂ ಅಲ್ಲ. ನಮ್ಮ ಚರ್ಮ, ಎಲುಬು, ಸ್ನಾಯುಬಂಧ, ಒಸಡು ಇವೆಲ್ಲಕ್ಕೂ ಬಲ ಕೊಡುವ ಪ್ರೋಟೀನು ಅದೇ. ಶರೀರದ ಪ್ರೋಟೀನಿನಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಅದರದು. ರಾಮನಗರದ ಬಿಚ್ಚಾಣಿಕೆದಾರರು ಹಲವು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲು ತೆಗೆಯುವಂತೆ, ಇಲ್ಲಿ ಮೂರು ಎಳೆಗಳು ಒಂದಕ್ಕೊಂದು ಹೊಸೆದುಕೊಂಡು ಒಂದು ಹುರಿಯಾಗಿರುತ್ತವೆ. ಈ ರಚನೆಯನ್ನು 1954-55ರಲ್ಲಿ ಮದರಾಸಿನಲ್ಲಿ ಕಂಡುಹಿಡಿದು ಲೋಕಕ್ಕೆ ತಿಳಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು. ರಾಮಚಂದ್ರನ್ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರೆಂಬುದು ನಮಗೆ ಹೆಮ್ಮೆಯ ಮಾತು.

ಒಸಡು ಕುಸಿಯುವುದೇಕೆ? ಹಲ್ಲಿನ ಬುಡದಲ್ಲಿ ನಿಂತ ಕೊಳೆಯು ಗಟ್ಟಿಯಾಗಿ ಪಾಚಿಗಟ್ಟುತ್ತದೆ. ಒಸಡು ಊದಿ ರಕ್ತ ಬರುತ್ತದೆ. ಕ್ರಮೇಣ ಹಲ್ಲಿಗೂ ಒಸಡಿಗೂ ನಡುವೆ ಗುಳಿ ಬಿದ್ದು ಎಲುಬು ಕರಗುತ್ತದೆ. ಕಡ್ಡಿಪುಡಿ, ಹೊಗೆಸೊಪ್ಪು, ಬೀಡಿಗಳೂ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಇದಕ್ಕೆ ನೆರವಾಗುತ್ತವೆ. ಬಿರುಸಾದ ಬ್ರಷ್ಷಿನಿಂದ ಬಲವಾಗಿ ಉಜ್ಜುವವರಲ್ಲಿಯೂ ಒಸಡು ಹಿಂದೆ ಸರಿಯುವುದುಂಟು. ನೋವಿಲ್ಲದೆ ನಡೆಯುವ ಹಾನಿಯಾದುದರಿಂದ ಇದು ತಡವಾಗಿ ತಿಳಿಯುತ್ತದೆ.

ಗುಳಿಯನ್ನು ಶುಚಿಮಾಡಿದರೆ ಸಾಲದೇ ಎಂದು ಕೇಳಬಹುದು. ಅನೇಕರಿಗೆ ಅಷ್ಟೇ ಸಾಕು. ಆಳವಾದ ಗುಳಿಯಲ್ಲಿ ಮಾತ್ರ ಒಂದು ತೊಡಕುಂಟು. ರಾಗಿಯ ಹೊಲದಲ್ಲಿ ಪೈರಿಗಿಂತ ಮೊದಲು ಕಳೆ ಏಳುವಂತೆ, ಒಸಡಿನ ಮೇಲ್ಪದರವು ಬೇಗ ಬೆಳೆದು ಗುಳಿಯೊಳಕ್ಕೆ ಇಳಿಯುತ್ತದೆ. ಮೆಲ್ಲನೆ ಬೆಳೆಯುವ ಎಲುಬಿಗೂ ಹಲ್ಲಿನ ಬಂಧಕ್ಕೂ ಎಡೆಯೇ ಸಿಕ್ಕುವುದಿಲ್ಲ. ನಡುವೆ ಒಂದು ತಡೆ ಇಟ್ಟರೆ ಬಂಧವು ಮರಳಿ ಬೆಳೆಯುವುದೆಂದು 1982ರಲ್ಲಿ ಸ್ವೀಡನ್ನಿನ ನೈಮನ್, ಲಿಂಡೆ ಮೊದಲಾದ ವೈದ್ಯರು ಮನುಷ್ಯನ ಬಾಯಲ್ಲಿಯೇ ತೋರಿಸಿಕೊಟ್ಟರು. ಆರಂಭದ ತಡೆಗಳನ್ನು ತೆಗೆಯಲು ಎರಡನೆಯ ಸಲ ಕತ್ತರಿಸಬೇಕಾಗಿತ್ತು. ಕೊಲಾಜನಿನ ಪೊರೆಯಾದರೋ ಕೆಲವು ವಾರಗಳಲ್ಲಿ ಇಲ್ಲವೆ ತಿಂಗಳುಗಳಲ್ಲಿ ತಾನೇ ಕರಗಿಹೋಗುತ್ತದೆ.

ಬೇರು ಬಯಲಾದ ಹಲ್ಲಿಗೆ ಒಸಡು ಹೊದಿಸುವ ಕ್ರಮ ಬೇರೆ. ಅಂಗುಳಿನಿಂದ ತುಸು ಮಾಂಸ ತೆಗೆದು ಕಸಿಮಾಡುವುದು ಇಂದಿಗೂ ಅತ್ಯುತ್ತಮವೆನಿಸಿದ ಮಾರ್ಗ. ಆದರೆ ಅಂಗುಳಿನಲ್ಲಿ ಇನ್ನೊಂದು ಗಾಯವಾಗುತ್ತದೆ. ಅದನ್ನು ತಪ್ಪಿಸಲು ಕೊಲಾಜನಿನ ಮೆತ್ತೆಯನ್ನು ಇಡುವುದುಂಟು. ಇದು ರೇಷ್ಮೆ ಹುಳುವಿನ ಚಂದ್ರಿಕೆಯಿದ್ದಂತೆ. ಚಂದ್ರಿಕೆ ಗೂಡು ಕಟ್ಟುವುದಿಲ್ಲ, ಹುಳುವಿಗೆ ಆಸರೆ ಕೊಡುತ್ತದೆ. ಗೂಡನ್ನು ಹುಳುವೇ ಕಟ್ಟಬೇಕು. ಹಾಗೆಯೇ ಮೆತ್ತೆಯೊಳಗೆ ರೋಗಿಯ ಜೀವಕೋಶಗಳು ಸೇರಿ ತಮ್ಮದೇ ಕೊಲಾಜನನ್ನು ನೇಯುತ್ತವೆ. ಫಲವು ಅಂಗುಳಿನ ಕಸಿಗಿಂತ ಸಾಮಾನ್ಯವಾಗಿ ಸ್ವಲ್ಪ ಕಡಮೆ, ನೋವೂ ಕಡಮೆ.

ಇಲ್ಲಿ ಗೃಹಸ್ಥರು ತಿಳಿಯಲೇಬೇಕಾದ ಸಂಗತಿಯೊಂದುಂಟು. ಈ ವಸ್ತುವನ್ನು ಹೆಚ್ಚಾಗಿ ದನದ ಇಲ್ಲವೆ ಹಂದಿಯ ಚರ್ಮ, ಸ್ನಾಯುಬಂಧಗಳಿಂದ ಶೋಧಿಸಿ ತೆಗೆಯುತ್ತಾರೆ. ಮೀನಿನಿಂದ ತೆಗೆದದ್ದೂ ಉಂಟು. ನಮ್ಮಲ್ಲಿ ಒಬ್ಬರಿಗೆ ಒಂದು ವರ್ಜ್ಯ, ಇನ್ನೊಬ್ಬರಿಗೆ ಇನ್ನೊಂದು. ಆದಕಾರಣ, "ಇದು ಯಾವುದರಿಂದ ಆದದ್ದು?" ಎಂದು ಶಸ್ತ್ರಕ್ರಿಯೆಗೆ ಮುಂಚೆಯೇ ವೈದ್ಯರನ್ನು ಕೇಳತಕ್ಕದ್ದು. ಕೇಳುವುದು ಅವಿನಯವಲ್ಲ, ಆಮೇಲೆ ತಿಳಿದು ಮನಸ್ಸು ನೋಯುವುದಕ್ಕಿಂತ ಅದು ಲೇಸು. ಒಪ್ಪದವರಿಗೆ ಅಂಗುಳಿನ ಕಸಿಯೂ, ತಮ್ಮ ರಕ್ತದಿಂದಲೇ ಸಿದ್ಧಪಡಿಸುವ ಫೈಬ್ರಿನ್ ಪೊರೆಯೂ ಉಂಟು. ಇವುಗಳಲ್ಲಿ ತಮಗೆ ಯಾವುದು ತಕ್ಕುದೆಂದು ವೈದ್ಯರೊಡನೆ ವಿಚಾರಿಸಬಹುದು.

ನಮ್ಮ ಸೀಮೆಯ ರೇಷ್ಮೆಗೂ ಇಲ್ಲಿ ಸ್ಥಾನವುಂಟು. ಒಸಡನ್ನು ಹೊಲಿಯಲು ದಂತವೈದ್ಯರು ರೇಷ್ಮೆಯ ದಾರವನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ರೇಷ್ಮೆಯ ಅಂಟನ್ನು ತೆಗೆದು ಉಳಿದ ಫೈಬ್ರಾಯಿನಿನಿಂದ ಪೊರೆ ಮಾಡುವ ಪ್ರಯೋಗಗಳೂ ನಡೆದಿವೆ. ಆದರೆ ಅದಿನ್ನೂ ಕೊಲಾಜನಿನಂತೆ ರೂಢಿಗೆ ಬಂದಿಲ್ಲ.

ಕೊನೆಗೆ ಎರಡು ಎಚ್ಚರಿಕೆಯ ಮಾತು. ಕೊಲಾಜನಿನ ಪುಡಿಯನ್ನು ಕುಡಿದರೆ ಹೋದ ಒಸಡು ಬೆಳೆಯುವುದೆಂದು ನಂಬಿ ಹಣ ಕಳೆಯಬಾರದು. ಹೊಟ್ಟೆಗೆ ಹೋದ ಪ್ರೋಟೀನು ಮಿಕ್ಕ ಆಹಾರದಂತೆಯೇ ಜೀರ್ಣವಾಗುತ್ತದೆ. ಶರೀರವು ತನ್ನ ಕೊಲಾಜನನ್ನು ಕಟ್ಟಿಕೊಳ್ಳಲು ಸಿ ಜೀವಸತ್ವ ಬೇಕು. ಅದು ನಮ್ಮ ನೆಲ್ಲಿಕಾಯಿ, ಸೀಬೆಹಣ್ಣು, ನಿಂಬೆಗಳಲ್ಲಿಯೇ ಇದೆ. ಎರಡನೆಯದಾಗಿ, ಕೊಳೆ ಕಟ್ಟಿದ ಬಾಯಲ್ಲಿಯೂ ಹೊಗೆಸೊಪ್ಪು ಬಿಡದವರ ಬಾಯಲ್ಲಿಯೂ ಇಂತಹ ಶಸ್ತ್ರಕ್ರಿಯೆಯ ಫಲ ಚೆನ್ನಾಗಿ ನಿಲ್ಲದು. ಶುಚಿಯೇ ಮೊದಲು, ಶಸ್ತ್ರ ಆಮೇಲೆ.

ಬೆಂಗಳೂರಿನಲ್ಲಿ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತವೈದ್ಯ ಕಾಲೇಜು ರಾಮನಗರದಿಂದ ಸುಮಾರು 50 ಕಿಲೋಮೀಟರ್ ದೂರ. ಹಲ್ಲುಜ್ಜುವಾಗ ರಕ್ತ ಕಂಡ ದಿನವೇ ಹತ್ತಿರದ ದಂತವೈದ್ಯರಿಗೆ ಬಾಯಿ ತೋರಿಸುವವರಿಗೆ ಅಷ್ಟು ದೂರ ಹೋಗುವ ಪ್ರಸಂಗ ಬಹುಶಃ ಬರಲಾರದು. ಮನೆಯ ಹಿರಿಯರ ಒಸಡನ್ನು ಒಮ್ಮೆ ದೀಪದ ಬೆಳಕಿನಲ್ಲಿ ನೋಡಿರೆಂದು ನಮ್ಮ ಸೋದರಿಯರಲ್ಲಿ ವಿಜ್ಞಾಪಿಸುತ್ತೇವೆ.