ಪೋಸ್ಟರಿನಲ್ಲಿ ಟೋಪಿ, ಕುಂಕುಮ ಯಾಕೆ?

ನಮ್ಮ ಉಪ್ಪಳದ ಹುಡುಗರು ರಕ್ತದಾನ ಶಿಬಿರಕ್ಕೆ ಪೋಸ್ಟರ್ ಮಾಡಿ ನನಗೆ ತೋರಿಸಿದರು. ಟೋಪಿ ಹಾಕಿದ ಯುವಕ, ಕುಂಕುಮ ಇಟ್ಟ ತಾಯಿ, ನಡುವೆ ಒಂದು ಹನಿ ರಕ್ತ. ಕೆಳಗೆ ‘ಮಾನವೀಯತೆಯೇ ಧರ್ಮ’. ಚಿತ್ರ ಚೆಂದವಿತ್ತು. ಆದರೆ ಯಾರು ರಕ್ತ ಕೊಡಬಹುದು ಎಂಬುದು ಎಲ್ಲೂ ಇರಲಿಲ್ಲ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಅಳತೆ ಬರೆಯದ ಡ್ರಾಯಿಂಗಿನಿಂದ ಒಂದು ಬೋಲ್ಟ್ ಕೂಡ ಮಾಡಲಾಗದು. ಪೋಸ್ಟರಿಗೂ ಅಳತೆ ಬೇಕು: 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5, ಖಾಲಿ ಹೊಟ್ಟೆಯಲ್ಲಿ ಬರಬಾರದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಇದನ್ನು ಕನ್ನಡದಲ್ಲೂ ಮಲಯಾಳದಲ್ಲೂ ದೊಡ್ಡ ಅಕ್ಷರದಲ್ಲಿ ಬರೆಯಲಿ.

ನನಗೆ ಹೆಚ್ಚು ಚುಚ್ಚಿದ್ದು ಆ ಟೋಪಿ, ಕುಂಕುಮ. ‘ಹಿಂದೂ ಮಹಿಳೆಗೆ ಮುಸ್ಲಿಂ ಯುವಕನ ರಕ್ತ’ ಎಂಬ ಸುದ್ದಿಯನ್ನು ನಾವೇ ವಾಟ್ಸಾಪಿನಲ್ಲಿ ಹಂಚುತ್ತೇವೆ. ಕೆಟ್ಟ ಮಾತು ಕೇಳಿ ಸಾಕಾದವರಿಗೆ ನಮ್ಮ ಬಗ್ಗೆ ಒಂದು ಒಳ್ಳೆಯ ಮಾತು ಬೇಕೆನಿಸುವುದು ಸಹಜ. ಆದರೆ ಹಾಗೆ ಹಂಚಿದಾಗ, ಮನುಷ್ಯ ಮನುಷ್ಯನಿಗೆ ನೆರವಾಗುವುದು ಒಂದು ವಿಚಿತ್ರ ಸಂಗತಿ ಎಂದು ನಾವೇ ಒಪ್ಪಿದಂತಾಯಿತು.

ಉಪ್ಪ ಅಂಗಡಿಯಲ್ಲಿ ಸಾಲದ ಪುಸ್ತಕವನ್ನು ಗಿರಾಕಿಗಳ ಮುಂದೆ ಬಿಡಿಸುತ್ತಿರಲಿಲ್ಲ. ಕೊಟ್ಟದ್ದನ್ನು ನಾಲ್ಕು ಜನರ ಎದುರು ಹೇಳಿದರೆ ತೆಗೆದುಕೊಂಡವನು ಮತ್ತೆ ಮೆಟ್ಟಿಲು ಹತ್ತುವುದಿಲ್ಲ ಎನ್ನುತ್ತಿದ್ದರು. ರೋಗಿಯ ಮನೆಯವರಿಗೂ ಹಾಗೆಯೇ ಅಲ್ಲವೇ?

ಶಿಬಿರದಲ್ಲಿ ಕೊಟ್ಟ ರಕ್ತ ಯಾರಿಗೆ ಹೋಗುತ್ತದೆಂದು ಕೊಟ್ಟವನಿಗೆ ಗೊತ್ತೇ ಇರುವುದಿಲ್ಲ. ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿದರೆ ಒಬ್ಬನ ರಕ್ತ ಮೂವರಿಗೆ ಸಿಗಬಹುದು. ಪ್ಲೇಟ್‌ಲೆಟ್ ಉಳಿಯುವುದು ಸುಮಾರು ಐದೇ ದಿನ. ಹಾಗಾಗಿ ವರ್ಷಕ್ಕೊಂದು ಶಿಬಿರ, ಒಂದು ಗ್ರೂಪ್ ಫೋಟೊ ಸಾಲದು. ರಂಜಾನ್ ತಿಂಗಳಲ್ಲಿ ತರಾವೀಹ್ ಮುಗಿದ ಮೇಲೂ ಒಂದು ಶಿಬಿರ ಇಡಬಹುದು.

2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ಲ? ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳೆಲ್ಲ ಕಂಗೆಟ್ಟರು. ಆ ಕಷ್ಟ ಯಾರ ಧರ್ಮವನ್ನೂ ಕೇಳಲಿಲ್ಲ. ನಾವು ಕೊಡುವಾಗಲೂ ಅದನ್ನು ಹೇಳಬೇಕಾಗಿಲ್ಲ.

ಹುಡುಗರಿಗೆ ಇಷ್ಟೇ ಹೇಳಿದೆ: ಟೋಪಿ, ಕುಂಕುಮ ತೆಗೆಯಿರಿ. ಆ ಜಾಗದಲ್ಲಿ ಮುಂದಿನ ಶಿಬಿರದ ತಾರೀಕನ್ನೂ ಹಾಕಿ.